ತುಪ್ಪದ ಘಮ ಯಾರ ಕೈಗುಣ?

ಅತ್ತೆ ಕಾಯಿಸಿದ ತುಪ್ಪ ಬೀದಿಗೆಲ್ಲ ಘಮ್ಮೆನ್ನುತ್ತಿತ್ತು, ನನ್ನದಕ್ಕೆ ಪರಿಮಳವೇ ಇಲ್ಲವೆಂದು ಕೊರಗುತ್ತೀರಾ? ತಪ್ಪು ನಿಮ್ಮ ಕೈಗುಣದ್ದಲ್ಲ ಕಣ್ರೀ! ಅವರು ಕೆನೆಗೆ ಹೆಪ್ಪು ಹಾಕಿ ಕಡೆಯುತ್ತಿದ್ದರು. ನೀವು ಕೆನೆಯನ್ನು ಹಾಗೇ ಮಿಕ್ಸಿಗೆ ಹಾಕುತ್ತೀರಿ.

ಹೆಪ್ಪಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳು ಹಾಲಿನ ಸಿಟ್ರೇಟ್ ಅಂಶದಿಂದ ಡೈಅಸಿಟೈಲ್ ಎಂಬ ವಸ್ತು ತಯಾರಿಸುತ್ತವೆ. ಬೆಣ್ಣೆಯ ಪರಿಮಳಕ್ಕೆ ಮುಖ್ಯ ಕಾರಣ ಅದೇ. ಕಾಸಿದ ಹಾಲಿನ ಕೆನೆಯಲ್ಲಿ ಈ ಜೀವಿಗಳು ಉಳಿದಿರುವುದಿಲ್ಲ, ಹೆಪ್ಪಿನಿಂದಲೇ ಬರಬೇಕು.

ಕಾರ್ಖಾನೆಯವರೂ ಇಂಥದೇ ಉಪಾಯ ಹೂಡಿದ್ದಾರೆ. ಅಕ್ಕಿ ತೌಡಿನಿಂದ ತೆಗೆದ ಫೆರೂಲಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳಿಗೆ ಉಣಿಸಿ, ಐಸ್‌ಕ್ರೀಮಿಗೆ ಬೇಕಾದ ವೆನಿಲ್ಲಾ ಪರಿಮಳ ಪಡೆಯುತ್ತಾರೆ!

ನೀವೂ ಮಾಡಿ ನೋಡಿ. ಕೂಡಿಟ್ಟ ಕೆನೆಯ ತಣುಪು ಬಿಟ್ಟ ಮೇಲೆ ಒಂದು ಚಮಚ ಒಳ್ಳೆಯ ಮೊಸರು ಬೆರೆಸಿ, ರಾತ್ರಿಯಿಡೀ ಹೊರಗಿಡಿ. ಬೆಳಿಗ್ಗೆ ಕಡೆದು, ಬೆಣ್ಣೆ ತೊಳೆದು, ಹದವಾದ ಉರಿಯಲ್ಲಿ ಕಾಯಿಸಿ. ಪಕ್ಕದ ಮನೆಯವರು ಇಣುಕಿ ನೋಡದಿದ್ದರೆ ಕೇಳಿ!