ಎರೆ ಮಣ್ಣಿಗೂ ವಯಸ್ಸಾಗುತ್ತದೆ

ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಗೆ ಹೋದದ್ದು ಮಣ್ಣೆತ್ತಿನ ಅಮಾವಾಸ್ಯೆಯ ಮುನ್ನಾದಿನ. ಪಡಸಾಲೆಯಲ್ಲಿ ಕೂತಿದ್ದ ಅಜ್ಜಿ, ರಾತ್ರಿ ಹಸಿಬಟ್ಟೆ ಸುತ್ತಿಟ್ಟಿದ್ದ ಎರೆ ಮಣ್ಣಿನ ಮುದ್ದೆ ಬಿಚ್ಚಿದರು. ಪಸೆ ಆರಿರಲಿಲ್ಲ. ಆದರೂ ನನ್ನ ಹೆಬ್ಬೆರಳು ಒಳಗಿಳಿಯಲೊಲ್ಲದು. ಅಜ್ಜಿ ಹನಿ ನೀರೂ ಹಾಕದೆ ಅಂಗೈಯಿಂದ ಒತ್ತಿ ಒತ್ತಿ ನಾದಿದರು. ಅದೇ ಮಣ್ಣು ಬೆಣ್ಣೆಯಂತಾಗಿ, ಎತ್ತಿನ ಕೋಡು ಮೂಡಿತು. “ಸುಮ್ನ ಬಿಟ್ರ ಬಿಗೀತೈತಿ ತಮ್ಮಾ, ನಾದಿದ್ರ ಮಾತು ಕೇಳ್ತೈತಿ” ಎಂದರು.

ಎರೆ ಮಣ್ಣಿನ ಜಿಗುಟು ಸ್ಮೆಕ್ಟೈಟ್ ಗುಂಪಿನ ಜೇಡಿ ಖನಿಜಗಳದ್ದು. ಅದೇ ಗುಂಪಿನ ಕೃತಕ ಜೇಡಿ ಲ್ಯಾಪೊನೈಟ್. ಅದರ ಕಣವೆಂದರೆ ಸುಮಾರು 25 ನ್ಯಾನೋಮೀಟರ್ ಅಗಲ, 1 ನ್ಯಾನೋಮೀಟರ್ ದಪ್ಪದ ಬಿಲ್ಲೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರಂಜಿನಿ ಬಂದ್ಯೋಪಾಧ್ಯಾಯ ಅವರ ತಂಡ ಇದರ ಬೆನ್ನು ಹತ್ತಿದೆ. ನೀರಲ್ಲಿ ಕಲಸಿದಾಗ ಹರಿಯುವ ಲ್ಯಾಪೊನೈಟ್, ಸುಮ್ಮನೆ ಬಿಟ್ಟರೆ ಹೊತ್ತು ಕಳೆದಂತೆ ಬಿಗಿಯುತ್ತದೆ. ಬಿಲ್ಲೆಗಳ ವಿದ್ಯುದಾವೇಶದ ಎಳೆತ-ತಳ್ಳಾಟದಲ್ಲಿ ಒಂದೊಂದೂ ನೆರೆಯವರ ನಡುವೆ ಸಿಕ್ಕಿಬೀಳುತ್ತದೆ. ಭೌತವಿಜ್ಞಾನಿಗಳು ಇದಕ್ಕೆ ‘ವಯಸ್ಸಾಗುವುದು’ ಎಂದೇ ಹೇಳುತ್ತಾರೆ. ಜೋರಾಗಿ ಕಲಕಿದರೆ ಹರೆಯ ಮರಳುತ್ತದೆ!

ಇದನ್ನು ಕಂಡ ಮೇಲೆ, ಘನಕ್ಕೊಂದು ಅಧ್ಯಾಯ, ದ್ರವಕ್ಕೊಂದು ಅಧ್ಯಾಯ ಎಂಬ ಪಠ್ಯಪುಸ್ತಕದ ವಿಂಗಡಣೆಯಲ್ಲಿ ನನಗೆ ನಂಬಿಕೆ ಹೋಗಿದೆ. 1867ರಲ್ಲೇ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಆ ಗೋಡೆ ಕೆಡವಿದ್ದ: ಸ್ನಿಗ್ಧತೆ, ಅಂದರೆ ಹರಿವಿಗೆ ಒಡ್ಡುವ ತಡೆ, ಎಂದರೆ ಗಡಸುತನವನ್ನು, ಒಳಗಿನ ಬಿಗುವು ಸಡಿಲಲು ಬೇಕಾದ ಕಾಲದಿಂದ ಗುಣಿಸಿದ್ದು. ಆ ಕಾಲಕ್ಕಿಂತ ಬೇಗ ತಟ್ಟಿದರೆ ದ್ರವವೂ ಘನದಂತೆ ಪುಟಿಯುತ್ತದೆ. 1950ರ ದಶಕದಲ್ಲಿ ಭೌತವಿಜ್ಞಾನಿಗಳಾದ ಗ್ರೀನ್ ಮತ್ತು ಕುಬೊ ಇನ್ನೂ ಮುಂದೆ ಹೋದರು. ನಿಶ್ಚಲ ದ್ರವದೊಳಗೂ ಅಣುಗಳ ಓಡಾಟದಿಂದ ಬಿಗುವು ಸದಾ ಏರಿಳಿಯುತ್ತಿರುತ್ತದೆ. ಈ ಕ್ಷಣದ ಏರಿಳಿತದ ನೆನಪು ಮುಂದೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ಲೆಕ್ಕಹಾಕಿದರೆ, ಕಲಕದೆಯೇ ಸ್ನಿಗ್ಧತೆ ಸಿಗುತ್ತದೆ. ಇದಕ್ಕಿಂತ ಸೊಗಸಾದ ಸೂತ್ರ ನಾನು ಕಂಡಿಲ್ಲ. ಆದರೆ ಅದಕ್ಕೆ ಸಮತೋಲ ಬೇಕು. ಜೇಡಿಗೆ ಸಮತೋಲವೆಲ್ಲಿ? ಈಗ ಅಳೆದರೆ ಒಂದು ಉತ್ತರ, ಸಂಜೆ ಅಳೆದರೆ ಇನ್ನೊಂದು. ಹಾಗಾಗಿ ನಾದಿ ಎಷ್ಟು ಹೊತ್ತಾಯಿತು ಎಂಬುದನ್ನೂ ಲೆಕ್ಕಕ್ಕೆ ಸೇರಿಸಲೇಬೇಕು.

ಕಲಕುತ್ತಲೇ ಇದ್ದರೆ? 2000ದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಸೂದ್, ಗೀತಾ ಬಸಪ್ಪ ಮತ್ತು ಇದೇ ರಂಜಿನಿ, ಮಾರ್ಜಕದಂಥ ಅಣುಗಳು ಹುಳುವಿನಾಕಾರದಲ್ಲಿ ಕೂಡಿಕೊಳ್ಳುವ ತೆಳು ದ್ರಾವಣವೊಂದರ ಫಲಿತಾಂಶ ಪ್ರಕಟಿಸಿದರು. ತಿರುಗಿಸುವ ವೇಗ ಒಂದೇ. ಬಿಗುವು ಮಾತ್ರ ನಿಲ್ಲದೆ ಏರಿಳಿಯಿತು. ಅದು ಬರೀ ಗದ್ದಲವಲ್ಲ, ನಿಯಮಕ್ಕೊಳಪಟ್ಟರೂ ಮುಂಗಾಣಲಾಗದ ‘ಕೇಯಾಸ್’ ಎಂದು ಅವರು ಲೆಕ್ಕಹಾಕಿ ತೋರಿಸಿದರು.