ಮನೆಗೆ ಮೊದಲು ಶಾಲೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ನೆಲಸಲು ಹೊರಡುವ ಗೃಹಸ್ಥರು ನಿವೇಶನದ ದರವನ್ನೂ ಕೊಳವೆ ಬಾವಿಯ ಆಳವನ್ನೂ ವಿಚಾರಿಸುತ್ತಾರೆ. ಊರಿನ ಸರ್ಕಾರಿ ಶಾಲೆಯನ್ನು ವಿಚಾರಿಸುವವರು ವಿರಳ. ವಿಚಾರಿಸಿದವರೂ ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ಕೇಳಿ ತೃಪ್ತರಾಗುವುದುಂಟು. ಆರು ವರ್ಷದ ಕೂಸಿಗೆ ಅಕ್ಷರ ಕಲಿಸುವವರಾರೆಂಬುದನ್ನು ಹತ್ತನೆಯ ತರಗತಿಯ ಆ ಅಂಕೆಯು ತಿಳಿಸಲಾರದು.

ಆದುದರಿಂದ ಕೆಲಸದ ದಿನವೊಂದರಲ್ಲಿ, ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು, ಶಾಲೆಯನ್ನು ಕಣ್ಣಾರೆ ನೋಡುವುದು ಯುಕ್ತ. 2009ರ ಶಿಕ್ಷಣ ಹಕ್ಕಿನ ಶಾಸನದಂತೆ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರಿದ್ದರೆ ಸಾಕು. ಅವರಲ್ಲೊಬ್ಬರು ಗಣತಿಗೋ ಚುನಾವಣೆಯ ಕೆಲಸಕ್ಕೋ ಹೋದ ದಿನ ಐದು ತರಗತಿಗಳೂ ಒಬ್ಬರ ಪಾಲಾಗುವುವು. ಮೂರನೆಯ ತರಗತಿಯ ಮಗು ತನ್ನ ಪಾಠವನ್ನು ತಾನೇ ಓದಬಲ್ಲುದೇ? ಕುಡಿಯುವ ನೀರು, ಬಾಲಿಕೆಯರ ಪ್ರತ್ಯೇಕ ಶೌಚಗೃಹ ಉಪಯೋಗದಲ್ಲಿವೆಯೇ? ಇವೇ ಕೇಳತಕ್ಕ ಪ್ರಶ್ನೆಗಳು.

ಕೊರತೆ ಕಂಡೊಡನೆ ಮಕ್ಕಳನ್ನು ದೂರದ ಖಾಸಗಿ ಶಾಲೆಯ ವಾಹನಕ್ಕೆ ಏರಿಸುವುದು ಸುಲಭ. ಆದರೆ ದಾಖಲಾತಿ ಇಳಿದಂತೆ ಉಪಾಧ್ಯಾಯರ ಹುದ್ದೆಯೂ ಕರಗುವುದರಿಂದ, ಅದರ ನಷ್ಟವು ಉಳಿದ ಬಡ ಮಕ್ಕಳಿಗೇ ತಟ್ಟುತ್ತದೆ. ಶಾಲಾ ಸಮಿತಿಯ ಮುಕ್ಕಾಲು ಪಾಲು ಸ್ಥಾನಗಳನ್ನು ಅದೇ ಶಾಸನವು ತಾಯಿತಂದೆಗಳಿಗೆ ಮೀಸಲಿಟ್ಟಿದೆ. ಊರಿಗೆ ಬರುವ ವಿದ್ಯಾವಂತರು ತಮ್ಮ ಮಕ್ಕಳನ್ನು ಅಲ್ಲಿಗೇ ಸೇರಿಸಿ ಆ ಸ್ಥಾನದಲ್ಲಿ ಕುಳಿತು ಕೇಳಿದರೆ, ಬರಿದಾದ ಹುದ್ದೆಯ ಕಡತವು ಚಲಿಸದೆ ಇದ್ದೀತೇ?