ಜೋಡೆತ್ತಿನಂತೆ ಎಳೆಯುವ ಎರಡು ಮೋಟಾರುಗಳು

ಸೊಲ್ಲಾಪುರದ ಚಾದರವನ್ನು ಹೊದ್ದು ಮಲಗುವ ನಮಗೆ ಅದರ ಮೇಲಿನ ಹೂಬಳ್ಳಿಗಳು ಹೇಗೆ ಮೂಡಿದುವೆಂಬ ಯೋಚನೆ ಬರುವುದು ಅಪರೂಪ. ೧೮೦೪ರಲ್ಲಿ ಫ್ರಾನ್ಸಿನ ಜಕಾರ್ಡನು ರೂಪಿಸಿದ ಮಗ್ಗದಲ್ಲಿ ಯಾವ ಎಳೆ ಏಳಬೇಕು, ಯಾವುದು ಇಳಿದಿರಬೇಕೆಂದು ತೂತು ಕೊರೆದ ರಟ್ಟುಗಳೇ ಅಪ್ಪಣೆ ಮಾಡುತ್ತಿದ್ದುವು. ಆ ರಟ್ಟಿನ ಕೆಲಸವನ್ನು ಇಂದು ಗಣಕಯಂತ್ರವು ವಹಿಸಿಕೊಂಡು, ಸಾಗವಾನಿ ಹಲಗೆಯ ಮೇಲೂ ಹೂಬಳ್ಳಿಯನ್ನು ಕೆತ್ತಿಸುತ್ತಿದೆ. ಈ ಯಂತ್ರಕ್ಕೆ ಸಿ.ಎನ್.ಸಿ. ಎಂದು ಹೆಸರು.

ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಿಂದ ಎಸ್.ಟಿ. ಬಸ್ಸು ಹಿಡಿದು ಸೊಲ್ಲಾಪುರಕ್ಕೆ ದುಡಿಯಲು ಹೋಗುವ ನಮ್ಮ ಹುಡುಗರಲ್ಲಿ ಕೆಲವರು ಇಂಥ ಯಂತ್ರದ ಮುಂದೆ ನಿಲ್ಲುತ್ತಾರೆ. ಯಂತ್ರದ ಕೈಪಿಡಿ ಇಂಗ್ಲಿಷಿನಲ್ಲಿ, ಮಾಲಕರ ಮಾತು ಮರಾಠಿಯಲ್ಲಿ, ಹುಡುಗನು ರೇಖಾಗಣಿತ ಕಲಿತದ್ದು ಕನ್ನಡದಲ್ಲಿ! ಹಲಗೆ ಕೆಟ್ಟರೆ ಅದರ ಬೆಲೆ ಪಗಾರದಲ್ಲಿ ಕಡಿತವಾಯಿತೆಂದು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನೊಂದು ಹೇಳಿದನು. ಅವನು ವಿವರಿಸಿದ ತೊಡಕನ್ನು ನಮ್ಮ ಮಾತಿನಲ್ಲಿಯೇ ಬಿಡಿಸಿ ನೋಡೋಣ.

ಯಂತ್ರದ ಮೇಜಿನ ಮೇಲೆ ಉಳಿಯನ್ನು ಹೊತ್ತ ಅಡ್ಡತೊಲೆಯೊಂದು ಹಿಂದೆ ಮುಂದೆ ಓಡಾಡುತ್ತದೆ. ಒಂದೇ ಬದಿಯಿಂದ ಎಳೆದರೆ ಇನ್ನೊಂದು ಬದಿ ಹಿಂದುಳಿಯುವುದೆಂದು ಎಡಕ್ಕೊಂದು, ಬಲಕ್ಕೊಂದು ಮೋಟಾರನ್ನು ಕೂಡಿಸಿರುತ್ತಾರೆ. ಕೂರಿಗೆ ಹೂಡಿದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೊಗದ ಎರಡೂ ಎತ್ತುಗಳು ಸಮನಾಗಿ ನಡೆಯದಿದ್ದರೆ ಸಾಲು ಸೊಟ್ಟಗಾಗುವುದು. ಆದರೆ ಎತ್ತಿಗೆ ಹಟ್ಟಿಯ ದಾರಿ ನೆನಪಿರುತ್ತದೆ, ಮೋಟಾರಿಗೆ ಇರುವುದಿಲ್ಲ. ಸಾಮಾನ್ಯವಾದ ಸ್ಟೆಪರ್ ಮೋಟಾರು ಒಂದು ಸುತ್ತಿಗೆ ೨೦೦ ಹೆಜ್ಜೆಗಳನ್ನಿಡುತ್ತದೆ. ಅವನ್ನು ಎಣಿಸುವ ನಿಯಂತ್ರಕಕ್ಕೆ ವಿದ್ಯುತ್ತು ಹೋಯಿತೆಂದರೆ ಎಣಿಕೆಯೂ ಹೋಯಿತು. ನಮ್ಮ ಕಡೆ ವಿದ್ಯುತ್ತು ಹೇಳಿ ಕೇಳಿ ಹೋಗುವುದಿಲ್ಲವಷ್ಟೆ!

ಆದುದರಿಂದ ಪ್ರತಿ ಸಲವೂ ಯಂತ್ರವು ಮೊದಲು ತನ್ನ ಮನೆಯನ್ನು ಹುಡುಕಬೇಕು. ಇದಕ್ಕೆ 'ಹೋಮಿಂಗ್' ಎನ್ನುತ್ತಾರೆ. ಎರಡೂ ಬದಿಯ ತುದಿಯಲ್ಲಿ ಒಂದೊಂದು ಲಿಮಿಟ್ ಸ್ವಿಚ್ ಇರುತ್ತದೆ. ಮೊದಲು ಮುಟ್ಟಿದ ಬದಿ ನಿಲ್ಲುತ್ತದೆ, ಇನ್ನೊಂದು ತನ್ನ ಸ್ವಿಚ್ಚಿನವರೆಗೆ ಮುಂದುವರಿಯುತ್ತದೆ. ತೊಲೆ ನೆಟ್ಟಗಾಗುವುದು ಹೀಗೆಯೇ. ಎರಡು ಮೋಟಾರುಗಳಿಗೆ ಒಂದೇ ಸ್ವಿಚ್ಚನ್ನಿಟ್ಟು ಹಣ ಉಳಿಸಿದವರ ತೊಲೆ ಹುಟ್ಟು ಸೊಟ್ಟಾಗಿದ್ದರೆ ಸೊಟ್ಟಾಗಿಯೇ ಉಳಿಯುವುದು.

ಇನ್ನು ತೊಲೆಯು ಮನೆಗೆ ಬರುವಾಗ ಗರಗರ ಸದ್ದು ಮಾಡಿ ತಿರುಚಿಕೊಂಡರೆ ಏನು ಮಾಡಬೇಕು? ಉಳಿಯ ಮೋಟಾರನ್ನು ನಿಲ್ಲಿಸಿ, ತುರ್ತು ಗುಂಡಿಯನ್ನು ಕೈಗೆಟಕುವಂತಿಟ್ಟುಕೊಂಡು, ಯಂತ್ರ ನಿಂತಿರುವಾಗಲೇ ಒಂದೊಂದು ಸ್ವಿಚ್ಚನ್ನು ಒತ್ತಿ ಪರದೆಯಲ್ಲಿ ಯಾವುದು ಮಿನುಗುತ್ತದೆಂದು ನೋಡಬೇಕು. ಎಷ್ಟೋ ಸಲ ಅಲ್ಲಿ ಸಿಗುವುದು ಕಟ್ಟಿಗೆಯ ಹೊಟ್ಟು ತುಂಬಿ ಸಿಕ್ಕಿಕೊಂಡ ಸ್ವಿಚ್ಚು ಮಾತ್ರ. ಅದು ಸರಿಯಿದ್ದರೆ ಎರಡೂ ಮೋಟಾರುಗಳನ್ನು ತಿರುಪು ದಂಡಗಳಿಂದ ಬಿಡಿಸಿ, ಬರಿಯ ಮೋಟಾರುಗಳಿಗೆ ಹೋಮಿಂಗ್ ಅಪ್ಪಣೆ ಕೊಟ್ಟು, ಎಡದ ಸ್ವಿಚ್ಚನ್ನು ಒತ್ತಬೇಕು. ಎಡದ ಮೋಟಾರು ನಿಲ್ಲಬೇಕು, ಇಲ್ಲವೆ ಹಿಂದಿರುಗಬೇಕು. ಬಲದ್ದು ನಿಂತರೆ ತಂತಿಗಳು ಅದಲು ಬದಲಾಗಿವೆ. ತಿರುಚುವಿಕೆಗೆ ಮುಖ್ಯ ಕಾರಣ ಇದೇ ಎಂಬುದು ನಮ್ಮ ಅಭಿಪ್ರಾಯ.

ಏನನ್ನೂ ಮುಟ್ಟದೆ ನಡುದಾರಿಯಲ್ಲಿ ನಿಲ್ಲುವುದು ಬೇರೆ ರೋಗ. ಮೋಟಾರಿನ ತಂತಿಯ ಪಕ್ಕದಲ್ಲಿಯೇ ಸ್ವಿಚ್ಚಿನ ತಂತಿಯನ್ನು ಎಳೆದಿದ್ದರೆ ಅಲ್ಲಿಯ ಕಂಪನ ಇಲ್ಲಿಗೆ ಹಾಯ್ದು ಸುಳ್ಳು ಸಂಕೇತ ಹುಟ್ಟುವುದು. ಎರಡನ್ನೂ ದೂರವಿಟ್ಟು, ಸ್ವಿಚ್ಚಿಗೆ ಲೋಹದ ಹೊದಿಕೆಯ ತಂತಿಯನ್ನು ಬಳಸುವುದೇ ಮದ್ದು.

ಲಿನಕ್ಸ್‌ಸಿಎನ್‌ಸಿ ಎಂಬ ಉಚಿತ ತಂತ್ರಾಂಶವನ್ನು ಬಳಸುವವರು ಒಂದು ಅಂಶವನ್ನು ಗಮನಿಸಬೇಕು. ಅದರಲ್ಲಿ ಎರಡೂ ಬದಿಗಳ 'ಹೋಮ್ ಸೀಕ್ವೆನ್ಸ್' ಒಂದೇ ಋಣಸಂಖ್ಯೆಯಾಗಿರಬೇಕು. ಉದಾಹರಣೆಗೆ, ಎರಡಕ್ಕೂ -೧. ಆಗ ಮಾತ್ರ ಸ್ವಿಚ್ಚನ್ನು ಕಂಡ ಬಳಿಕದ ಕೊನೆಯ ನಡೆಯನ್ನು ಎರಡೂ ಕೂಡಿಯೇ ನಡೆಯುತ್ತವೆ. ಧನಸಂಖ್ಯೆಯಿದ್ದರೆ ಮೊದಲು ಮುಗಿಸಿದ ಬದಿ ಒಂಟಿಯಾಗಿ ಹೊರಟು ತೊಲೆಯನ್ನು ತಿರುಚುವುದು.

ಎಲ್ಲವೂ ಸರಿಯಾಗಿ, ಸದ್ದಿಲ್ಲದೆ ನಡೆದರೂ ಬಾಗಿಲ ಹಲಗೆ ಚೌಕಟ್ಟಿಗೆ ಕೂಡದಿರಬಹುದು. ಸ್ವಿಚ್ಚುಗಳೆರಡೂ ಒಂದೇ ನೇರದಲ್ಲಿಲ್ಲವೆಂದು ಇದರ ಅರ್ಥ. ನಮ್ಮ ಗೌಂಡಿಗಳು ಪಾಯ ಹಾಕುವಾಗ ಮೂರು, ನಾಲ್ಕು, ಐದರ ಲೆಕ್ಕದಿಂದ ಮೂಲೆಮಟ್ಟ ನೋಡುವುದನ್ನು ವಾಚಕರು ಕಂಡಿರಬೇಕು. ಇಲ್ಲಿಯೂ ಅದೇ ಲೆಕ್ಕ. ತೊಲೆಯುದ್ದಕ್ಕೆ ೯೦೦ ಮಿಲಿಮೀಟರು, ತೊಲೆಯ ಓಟದ ದಿಕ್ಕಿಗೆ ೧೨೦೦ ಮಿಲಿಮೀಟರು ಅಂತರದಲ್ಲಿ ಯಂತ್ರದಿಂದಲೇ ನಾಲ್ಕು ಚುಕ್ಕೆಗಳನ್ನು ಹಾಕಿಸಿ ಕರ್ಣಗಳನ್ನು ಅಳೆಯಬೇಕು. ಎರಡೂ ೧೫೦೦ ಬಂದರೆ ಲಂಬಕೋನ ಸಿದ್ಧಿಸಿತು. ಒಂದು ಇನ್ನೊಂದಕ್ಕಿಂತ ೩ ಮಿಲಿಮೀಟರು ಹೆಚ್ಚಿತೆನ್ನಿ. ೯೦೦ ಮತ್ತು ೧೨೦೦ರ ಗುಣಲಬ್ಧದ ಇಮ್ಮಡಿಯನ್ನು ೧೫೦೦ರಿಂದ ಭಾಗಿಸಿದರೆ ೧೪೪೦ ಬರುತ್ತದೆ. ೩ನ್ನು ೧೪೪೦ರಿಂದ ಭಾಗಿಸಿ, ಎರಡು ತಿರುಪು ದಂಡಗಳ ನಡುವಿನ ಅಂತರದಿಂದ ಗುಣಿಸಬೇಕು. ಆ ಅಂತರ ೧೨೦೦ ಇದ್ದರೆ ಉತ್ತರ ಎರಡೂವರೆ ಮಿಲಿಮೀಟರು. ಉದ್ದನೆಯ ಕರ್ಣದ ತುದಿ, ಮನೆಯಿಂದ ದೂರದ ಅಂಚಿನಲ್ಲಿ ಯಾವ ಬದಿಗಿದೆಯೋ ಆ ಬದಿ ಮುಂದೋಡಿದೆ. ಅದನ್ನು ಅಷ್ಟು ಹಿಂದಕ್ಕೆ ತರಬೇಕು. ಎಂಟನೆಯ ಇಯತ್ತೆಯ ಹುಡುಗನ ಕೈಗೆ ನಿಲುಕುವ ಲೆಕ್ಕವಿದು.

ತಿದ್ದುವುದಕ್ಕೆ ಸ್ವಿಚ್ಚನ್ನೇ ಸರಿಸಬಹುದು, ಇಲ್ಲವೆ ತಂತ್ರಾಂಶದಲ್ಲಿ ಆ ಬದಿಯ 'ಹೋಮ್ ಆಫ್‌ಸೆಟ್' ಬದಲಿಸಬಹುದು. ಬಳಿಕ ಮತ್ತೆ ಚುಕ್ಕೆ ಹಾಕಿಸಿ ಅಳೆಯಬೇಕು. ಅಳತೆಗೆ ಉಕ್ಕಿನ ಟೇಪೇ ಬೇಕು, ದರ್ಜಿಯ ಟೇಪು ಸಲ್ಲದು. ಸರಿಹೋದ ಸಂಖ್ಯೆಯನ್ನು ಯಂತ್ರದ ಪಕ್ಕದ ಗೋಡೆಯ ಮೇಲೆ ಬರೆದಿಡಬೇಕು. ನಿಯಂತ್ರಕವನ್ನು ಬದಲಿಸುವ ದಿನ ಅದನ್ನು ಹುಡುಕುವ ಪಾಡು ತಪ್ಪುವುದು.